ಮುಟ್ಟು ನಿಲ್ಲುವ ಕಾಲ: ತಾಯಂದಿರ ತನು-ಮನಗಳ ಆರೈಕೆ

ಹನ್ನೆರಡನೆಯ ಶತಮಾನದ ಶರಣರು ಅಲ್ಲಗಳೆದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಹೆಣ್ಣಿನ ದೇಹಧರ್ಮವು ಮೈಲಿಗೆಯಲ್ಲ, ಅದು ಲಿಂಗಪೂಜೆಗೆ ಅಡ್ಡಿಯಲ್ಲ ಎಂಬ ನಿಲುವು ನಮಗೆ ಹುಟ್ಟಿನಿಂದಲೇ ಬಂದುದು. ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮದ ಸುತ್ತಲಿನ ಈ ನೆಲದಲ್ಲಿ ಅದನ್ನು ಮತ್ತೆ ವಿವರಿಸಿ ಹೇಳಬೇಕಾಗಿಲ್ಲ. ಆದರೂ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಮುಟ್ಟು ಮೈಲಿಗೆಯಲ್ಲವೆಂದು ಒಪ್ಪಿದ ನಮ್ಮ ಮನೆಗಳಲ್ಲಿಯೂ ಮುಟ್ಟು ನಿಲ್ಲುವ ಕಾಲದ ಸಂಕಟದ ಬಗೆಗೆ ಯಾರೂ ಬಾಯಿ ಬಿಡುವುದಿಲ್ಲ. ಸೂತಕ ಹೋಯಿತು, ಮೌನ ಉಳಿಯಿತು.

ಈ ಮೌನ ಎರಡು ಬಗೆಯ ಹಾನಿಯನ್ನು ಮಾಡುತ್ತಿದೆ. ಕೆಲವು ತಾಯಂದಿರು ಎಲ್ಲವನ್ನೂ ನುಂಗಿಕೊಂಡು, ರಕ್ತ ಸೋರಿ ಬಡಕಲಾಗಿ, ನಿದ್ದೆಗೆಟ್ಟು, ಮನಸ್ಸು ಕುಗ್ಗಿ ಹತ್ತು ವರ್ಷ ಕಳೆಯುತ್ತಾರೆ. ಇನ್ನು ಕೆಲವರು ತಾಳಲಾರದೆ ವೈದ್ಯರಲ್ಲಿಗೆ ಹೋಗಿ, ಬೇರೆ ಉಪಾಯವಿದೆಯೇ ಎಂದು ಕೇಳದೆಯೇ ಗರ್ಭಕೋಶವನ್ನು ತೆಗೆಸಿಕೊಂಡು ಬರುತ್ತಾರೆ. ಪ್ರಸಾದದ ಪಂಕ್ತಿ ಮುಗಿದ ಮೇಲೆ ತಾಯಂದಿರು ತಮ್ಮತಮ್ಮಲ್ಲಿ ಆಡಿಕೊಳ್ಳುವಾಗ ‘ಚೀಲ ತೆಗಿಸೇನ್ರಿ’ ಎಂಬ ಮಾತು ಹಲ್ಲು ಕೀಳಿಸಿದಷ್ಟು ಸಲೀಸಾಗಿ ಬರುವುದನ್ನು ನಾವು ಕೇಳಿದ್ದೇವೆ. ನುಂಗಿಕೊಳ್ಳುವುದಕ್ಕೂ ತೆಗೆಸಿಹಾಕುವುದಕ್ಕೂ ನಡುವೆ ಒಂದು ದಾರಿಯಿದೆ. ಅದು ತಿಳಿವಳಿಕೆಯ ದಾರಿ, ಮನೆಯವರೆಲ್ಲ ಕೂಡಿ ನಡೆಯಬೇಕಾದ ದಾರಿ. ಅದನ್ನು ಸದ್ಭಕ್ತರ ಮುಂದಿಡುವುದೇ ಈ ಲೇಖನದ ಉದ್ದೇಶ.

ದೇಹದಲ್ಲಿ ನಡೆಯುವುದೇನು?

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಜೀವಮಾನಕ್ಕೆ ಬೇಕಾದ ಅಂಡಗಳೆಲ್ಲ ಇರುತ್ತವೆ. ವಯಸ್ಸಾದಂತೆ ಅವು ಕಡಿಮೆಯಾಗುತ್ತ ಬರುತ್ತವೆ. ಅವುಗಳೊಡನೆ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳ ಉತ್ಪತ್ತಿಯೂ ಮೊದಲು ಏರುಪೇರಾಗಿ, ಅನಂತರ ಇಳಿದುಹೋಗುತ್ತದೆ. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಅದನ್ನು ಋತುನಿವೃತ್ತಿ ಎನ್ನುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೆಯ ವಯಸ್ಸಿನಲ್ಲಿ ಬಂದರೆ, ಭಾರತದ ಮಹಿಳೆಯರಲ್ಲಿ 46-47ರ ಸುಮಾರಿಗೇ ಬರುತ್ತದೆ. 45ಕ್ಕಿಂತ ಮೊದಲು ನಿಂತರೆ ಬೇಗ ನಿಂತಿತೆಂದೂ, 40ಕ್ಕಿಂತ ಮೊದಲು ನಿಂತರೆ ಅಕಾಲದ್ದೆಂದೂ ತಿಳಿಯಬೇಕು. ಅಕಾಲದಲ್ಲಿ ನಿಂತವರು ಕಡ್ಡಾಯವಾಗಿ ವೈದ್ಯರನ್ನು ಕಾಣಬೇಕು.

ಮುಟ್ಟು ಒಂದೇ ದಿನದಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಮುಂಚಿನ ನಾಲ್ಕಾರು ವರ್ಷಗಳ ಅವಧಿಯೇ ಹೆಚ್ಚು ತೊಂದರೆಯದು. ತಿಂಗಳು ತಪ್ಪುವುದು, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಹೋಗುವುದು, ಇದ್ದಕ್ಕಿದ್ದಂತೆ ಎದೆ ಮುಖ ಕುತ್ತಿಗೆಗಳಿಗೆ ಬಿಸಿಯ ಅಲೆ ಹೊಮ್ಮಿ ಬೆವರುವುದು, ನಡುರಾತ್ರಿ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಎದೆ ಡವಗುಟ್ಟುವುದು, ಕೀಲುಗಳಲ್ಲಿ ನೋವು, ಇಟ್ಟ ವಸ್ತು ಮರೆಯುವುದು, ಸಣ್ಣ ಮಾತಿಗೆ ಸಿಟ್ಟು, ಕಾರಣವಿಲ್ಲದ ಅಳು, ಇವೆಲ್ಲ ಆ ಕಾಲದ ಲಕ್ಷಣಗಳು. ಎಲ್ಲರಿಗೂ ಎಲ್ಲವೂ ಬರುವುದಿಲ್ಲ. ಕೆಲವರಿಗೆ ಏನೂ ತಿಳಿಯದಂತೆ ಕಳೆದುಹೋಗುತ್ತದೆ. ಮತ್ತೆ ಕೆಲವರಿಗೆ ವರ್ಷಗಟ್ಟಲೆ ಕಾಡುತ್ತದೆ. ಕಾಡಿಸಿಕೊಳ್ಳುವವರು ನಟಿಸುತ್ತಿಲ್ಲ, ಸೋಮಾರಿಗಳೂ ಅಲ್ಲ ಎಂಬುದನ್ನು ಮನೆಯವರು ಮೊದಲು ತಿಳಿಯಬೇಕು.

ಇನ್ನೂ ಒಂದು ತೊಂದರೆಯಿದೆ. ಅದನ್ನು ತಾಯಂದಿರು ತಮ್ಮ ಹೆಣ್ಣುಮಕ್ಕಳಿಗೂ ಹೇಳುವುದಿಲ್ಲ. ಈಸ್ಟ್ರೋಜನ್ ಇಳಿದಾಗ ಯೋನಿಮಾರ್ಗ ಮತ್ತು ಮೂತ್ರದ್ವಾರದ ಒಳಪದರು ತೆಳುವಾಗಿ ಒಣಗುತ್ತದೆ. ಅದರಿಂದ ಉರಿ, ತುರಿಕೆ, ದಾಂಪತ್ಯದಲ್ಲಿ ನೋವು, ಮೇಲಿಂದ ಮೇಲೆ ಉರಿಮೂತ್ರ, ಕೆಮ್ಮಿದರೆ ಸೀನಿದರೆ ಮೂತ್ರ ಸೋರುವುದು ಉಂಟಾಗುತ್ತವೆ. ಹಲವು ಹೆರಿಗೆಗಳಾಗಿ, ಬಾಣಂತನದಲ್ಲಿಯೇ ಭಾರ ಹೊತ್ತವರಿಗೆ ಗರ್ಭಕೋಶ ಕೆಳಗೆ ಜಾರುವುದೂ ಉಂಟು. ಇವುಗಳಿಗೆಲ್ಲ ಚಿಕಿತ್ಸೆಯಿದೆ. ನಾಚಿಕೆಯಿಂದ ಮುಚ್ಚಿಟ್ಟರೆ ಯಾವುದೂ ತಾನಾಗಿ ಸರಿಹೋಗುವುದಿಲ್ಲ.

ಗರ್ಭಕೋಶ ತೆಗೆಸುವ ಮೊದಲು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 3ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡವರು. ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹೇಳಿದ ಕಾರಣ ಅತಿಯಾದ ರಕ್ತಸ್ರಾವ. ನಮ್ಮ ನೆರೆಯ ಕಲಬುರಗಿ ಸೀಮೆಯ ತಾಂಡಾಗಳ ಬಡ ಹೆಣ್ಣುಮಕ್ಕಳಿಗೆ ಅಗತ್ಯವಿಲ್ಲದೆ ಇಂತಹ ಶಸ್ತ್ರಚಿಕಿತ್ಸೆ ನಡೆಸಲಾಗಿದೆ ಎಂಬ ಸಂಗತಿ 2015ರಲ್ಲಿ ಹೊರಬಂದು, ರಾಜ್ಯಮಟ್ಟದಲ್ಲಿ ತನಿಖೆಯಾದುದನ್ನು ಹಲವರು ಮರೆತಿರಬಹುದು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಮಾರ್ಗಸೂಚಿ ಹೊರಡಿಸಿತು. 2023ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. ಇದು ಎಷ್ಟು ದೊಡ್ಡ ಸಮಸ್ಯೆಯೆಂಬುದಕ್ಕೆ ಇಷ್ಟೇ ಸಾಕ್ಷಿ ಸಾಕು.

ಮಕ್ಕಳಾದವು, ಇನ್ನು ಗರ್ಭಕೋಶವೇಕೆ ಎಂಬುದು ನಮ್ಮಲ್ಲಿ ಬೇರೂರಿದ ತಪ್ಪು ಎಣಿಕೆ. ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದರೆ, ಹತ್ತು ವರ್ಷಗಳಲ್ಲಿ ಮೆಲ್ಲಗೆ ಆಗಬೇಕಾದ ಬದಲಾವಣೆ ಒಂದೇ ದಿನದಲ್ಲಿ ಆಗುತ್ತದೆ. ಬಿಸಿಯಲೆ, ನಿದ್ರಾಹೀನತೆ, ಮನಸ್ಸಿನ ತಳಮಳ ಎಲ್ಲವೂ ಒಮ್ಮೆಲೆ ಎರಗುತ್ತವೆ. ಎಲುಬು ಬೇಗ ಸವೆಯುತ್ತದೆ, ಹೃದಯರೋಗದ ಸಂಭವ ಹೆಚ್ಚುತ್ತದೆ. ಅಂಡಾಶಯಗಳನ್ನು ಉಳಿಸಿದರೂ ಋತುನಿವೃತ್ತಿ ಕೆಲವು ವರ್ಷ ಮೊದಲೇ ಬರುವ ಸಾಧ್ಯತೆಯುಂಟು. ಮೂವತ್ತೈದರ ಹೆಣ್ಣುಮಗಳು ಐವತ್ತರ ದೇಹದ ಕಷ್ಟವನ್ನು ಹೊತ್ತು ಹೊಲದಲ್ಲಿ ಕಳೆ ತೆಗೆಯಬೇಕಾಗಿ ಬರುವುದು ಹೀಗೆ.

ಹಾಗೆಂದು ಈ ಶಸ್ತ್ರಚಿಕಿತ್ಸೆ ಎಂದೂ ಬೇಡವೆಂದು ನಾವು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದಾಗ, ದೊಡ್ಡ ಗಡ್ಡೆಗಳಿದ್ದಾಗ, ಗರ್ಭಕೋಶ ಪೂರ್ತಿ ಜಾರಿದಾಗ, ಬೇರೆ ಯಾವ ಔಷಧಕ್ಕೂ ರಕ್ತಸ್ರಾವ ಬಗ್ಗದಿದ್ದಾಗ ಅದು ಜೀವ ಉಳಿಸುತ್ತದೆ. ಆದರೆ ಅದು ಕೊನೆಯ ಮೆಟ್ಟಿಲಾಗಬೇಕು. ಅತಿರಕ್ತಸ್ರಾವಕ್ಕೆ ರಕ್ತ ಹೋಗುವುದನ್ನು ತಗ್ಗಿಸುವ ಮಾತ್ರೆಗಳಿವೆ, ಹಾರ್ಮೋನು ಚಿಕಿತ್ಸೆಯಿದೆ, ಗರ್ಭಕೋಶದೊಳಗೆ ಕೂರಿಸುವ ಹಾರ್ಮೋನು ಸಾಧನವಿದೆ. ಆದುದರಿಂದ ಶಸ್ತ್ರಚಿಕಿತ್ಸೆಯ ಸಲಹೆ ಬಂದಾಗ ತಾಯಂದಿರೂ ಅವರ ಜೊತೆಗೆ ಹೋದವರೂ ಈ ಪ್ರಶ್ನೆಗಳನ್ನು ಕೇಳಲೇಬೇಕು. ರೋಗದ ಹೆಸರೇನು? ಅದನ್ನು ಯಾವ ಪರೀಕ್ಷೆಯಿಂದ ಕಂಡುಕೊಂಡಿರಿ? ಮೊದಲು ಔಷಧದಿಂದ ಪ್ರಯತ್ನಿಸಬಹುದೇ? ಅಂಡಾಶಯಗಳನ್ನು ಉಳಿಸುವಿರೋ ತೆಗೆಯುವಿರೋ, ಏಕೆ? ಮೂರು ತಿಂಗಳು ಕಾದರೆ ಅಪಾಯವೇನು? ಇವುಗಳಿಗೆ ಸಮಾಧಾನವಾಗಿ ಉತ್ತರಿಸುವವರೇ ಒಳ್ಳೆಯ ವೈದ್ಯರು. ಇನ್ನೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಪಡೆಯುವುದು ಮೊದಲಿನವರಿಗೆ ಮಾಡಿದ ಅವಮಾನವಲ್ಲ.

ನಮ್ಮ ಸೀಮೆಯ ಕಾಯಕ, ನಮ್ಮ ಸೀಮೆಯ ನೀರು

ಋತುನಿವೃತ್ತಿ ಎಲ್ಲ ಹೆಣ್ಣುಮಕ್ಕಳಿಗೂ ಬರುವುದೇ. ಆದರೆ ಅದರ ಭಾರವು ಅವರವರ ಕಾಯಕವನ್ನು ಅನುಸರಿಸಿರುತ್ತದೆ. ಇಳಕಲ್ಲಿನ ನೇಕಾರ ಮನೆಗಳಲ್ಲಿ ಗಂಡಸರು ಕುಣಿಮಗ್ಗದಲ್ಲಿ ಕುಳಿತರೆ, ನೂಲು ಸುತ್ತುವ, ಕಂಡಿಕೆ ತುಂಬುವ, ಹಾಸು ಹೂಡುವ ಕೆಲಸದಲ್ಲಿ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಬಾಗಿ ಕುಳಿತಿರುತ್ತಾರೆ. ಮಗ್ಗಕ್ಕೆ ಕುಳಿತು ನೇಯುವ ತಾಯಂದಿರೂ ಇದ್ದಾರೆ. ಬಿಸಿಲು ಕಾಣದ ಕೋಣೆ, ಬಾಗಿದ ಬೆನ್ನು, ಚಲನೆಯಿಲ್ಲದ ಕಾಲು, ಇವು ಮೂರೂ ಎಲುಬಿಗೆ ಒಳ್ಳೆಯವಲ್ಲ. ಚರ್ಮಕ್ಕೆ ಬಿಸಿಲು ತಾಗಿದರೆ ಮಾತ್ರ ದೇಹ ಡಿ ಜೀವಸತ್ವವನ್ನು ತಾನೇ ಮಾಡಿಕೊಳ್ಳುತ್ತದೆ. ಆ ಜೀವಸತ್ವವಿಲ್ಲದೆ ತಿಂದ ಸುಣ್ಣದಂಶ ಮೈಗೆ ಹತ್ತುವುದಿಲ್ಲ. ಆದಕಾರಣ ಗಂಟೆಗೊಮ್ಮೆ ಎದ್ದು ಐದು ನಿಮಿಷ ನಡೆಯುವುದು, ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಅಂಗಳದ ಬಿಸಿಲಿನಲ್ಲಿ ತೋಳುಗಳನ್ನು ತೆರೆದು ಕುಳಿತುಕೊಳ್ಳುವುದು ಈ ತಾಯಂದಿರಿಗೆ ಔಷಧಕ್ಕೆ ಸಮ.

ಬಾದಾಮಿಯ ಕಡೆಯ ಹೊಲಗಳಲ್ಲಿ ದುಡಿಯುವ, ಬನಶಂಕರಿಯಲ್ಲಿ ಬುಟ್ಟಿ ಹೊತ್ತು ರೊಟ್ಟಿ ಊಟ ಮಾರುವ ತಾಯಂದಿರ ಕಷ್ಟ ಬೇರೆ. ಅವರಿಗೆ ಬಿಸಿಲಿಗೂ ನಡಿಗೆಗೂ ಕೊರತೆಯಿಲ್ಲ. ಕೊರತೆಯಿರುವುದು ನೀರಿಗೆ ಮತ್ತು ಮರೆಗೆ. ಬಯಲಿನಲ್ಲಿ ಮೂತ್ರಕ್ಕೆ ಹೋಗಲು ಜಾಗವಿಲ್ಲವೆಂದು ದಿನವಿಡೀ ನೀರು ಕುಡಿಯದೆ ತಡೆಯುತ್ತಾರೆ. ಈ ವಯಸ್ಸಿನಲ್ಲಿ ಅದೇ ಉರಿಮೂತ್ರಕ್ಕೆ ದಾರಿ. ಜಾತ್ರೆ, ಉತ್ಸವಗಳಲ್ಲಿ ಸ್ವಚ್ಛವಾದ ಮಹಿಳಾ ಶೌಚಾಲಯ ಕಟ್ಟಿಸುವುದು ಇಂದು ದಾಸೋಹದಷ್ಟೇ ಪುಣ್ಯದ ಕಾರ್ಯವೆಂದು ನಾವು ಭಾವಿಸುತ್ತೇವೆ.

ಹುನಗುಂದ-ಇಳಕಲ್ಲ ಭಾಗದ ಕೆಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, 1.5 ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ವರ್ಷಗಟ್ಟಲೆ ಅಂತಹ ನೀರು ಕುಡಿದವರಿಗೆ ಹಲ್ಲಿನಲ್ಲಿ ಕಂದು ಕಲೆ ಮೂಡುವುದಲ್ಲದೆ ಸೊಂಟ, ಮೊಣಕಾಲು, ಕುತ್ತಿಗೆ ಬಿಗಿಯುತ್ತವೆ. ಮುಟ್ಟು ನಿಲ್ಲುವ ಕಾಲದ ಕೀಲುನೋವೂ ಹೀಗೆಯೇ ಇರುವುದರಿಂದ ಒಂದನ್ನು ಮತ್ತೊಂದೆಂದು ತಿಳಿಯುವ ಸಂಭವವುಂಟು. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ನೀರನ್ನೋ, ನದಿ ಮೂಲದ ಕೊಳಾಯಿ ನೀರನ್ನೋ ಕುಡಿಯಲು ಮತ್ತು ಅಡುಗೆಗೆ ಬಳಸಬೇಕು.

ಊಟದಲ್ಲಿಯೇ ಇರುವ ಆಸರೆ

ಋತುನಿವೃತ್ತಿಯ ಮೊದಲ ಕೆಲವು ವರ್ಷಗಳಲ್ಲಿ ಎಲುಬಿನ ಸವೆತ ಬಲು ವೇಗವಾಗಿರುತ್ತದೆ. ಅದು ನೋವಿಲ್ಲದೆ ನಡೆಯುವುದರಿಂದ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿಯುವವರೆಗೆ ತಿಳಿಯುವುದೇ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಜೋಳದ ರೊಟ್ಟಿ ಶಕ್ತಿಗೆ ಒಳ್ಳೆಯದು. ಆದರೆ ಅದರಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ರಾಗಿಯಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು. ಬಡಿದ ರೊಟ್ಟಿಯನ್ನು ಬಿಡಬೇಕಿಲ್ಲ, ಅದರ ಪಕ್ಕದಲ್ಲಿ ಏನಿದೆ ಎಂಬುದನ್ನು ನೋಡಿಕೊಳ್ಳಬೇಕು. ಒಂದು ಲೋಟ ಹಾಲು ಅಥವಾ ಒಂದು ಬಟ್ಟಲು ಗಟ್ಟಿ ಮೊಸರಿನಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು, ಹತ್ತು ಗ್ರಾಂ ಎಳ್ಳಿನಲ್ಲಿ 100 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ. ವಾರಕ್ಕೆರಡು ದಿನ ರಾಗಿ, ನಿತ್ಯ ಮೊಸರು, ಎಳ್ಳು ಅಗಸಿ ಗುರೆಳ್ಳುಗಳ ಚಟ್ನಿಪುಡಿ, ಮೆಂತ್ಯ ರಾಜಗಿರಿ ಪಲ್ಯ, ಇವಿಷ್ಟೂ ನಮ್ಮ ಅಡುಗೆಮನೆಯವೇ. ಸ್ನಾಯುಗಳ ಬಲಕ್ಕೆ ಹೆಸರುಕಾಳು, ಮಡಿಕೆಕಾಳು, ಝುಣಕ ಬೇಕು.

ಅದೇ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೆಚ್ಚು ಮುಟ್ಟು ಹೋಗುವವರಲ್ಲಿ ಇದು ಇನ್ನೂ ಗಾಢ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಆಯಾಸ, ಎದೆ ಡವಗುಟ್ಟುವುದು, ಮಂಕು ಕವಿಯುವುದು ಎಲ್ಲ ಕಾಣಿಸಿಕೊಳ್ಳುತ್ತವೆ. ಅದನ್ನೆಲ್ಲ ವಯಸ್ಸಿನ ತಲೆಗೆ ಕಟ್ಟುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು. ಊಟವಾದೊಡನೆ ಚಹಾ ಕುಡಿಯುವ ರೂಢಿ ಕಬ್ಬಿಣದಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಒಂದು ಗಂಟೆ ತಡೆದು ಕುಡಿಯಲಿ, ಪಲ್ಯಕ್ಕೆ ಲಿಂಬೆ ಹಿಂಡಿಕೊಳ್ಳಲಿ. ಎಲ್ಲಕ್ಕಿಂತ ಮೊದಲು, ಮನೆಯವರೆಲ್ಲ ಉಂಡು ಉಳಿದುದನ್ನು ತಾಯಿ ಉಣ್ಣುವ ಪದ್ಧತಿ ನಿಲ್ಲಬೇಕು. ಪಂಕ್ತಿಭೇದವಿಲ್ಲದ ಪ್ರಸಾದವನ್ನು ನಾಡಿಗೆ ಕಲಿಸಿದವರು ನಾವು. ಅದು ನಮ್ಮ ಅಡುಗೆಮನೆಯಲ್ಲಿಯೇ ಇಲ್ಲದಿದ್ದರೆ ಹೇಗೆ?

ಈಸ್ಟ್ರೋಜನ್ನಿನ ಆಸರೆ ತಪ್ಪಿದ ಮೇಲೆ ಹೃದಯರೋಗದ ಸಂಭವ ಹೆಂಗಸರಲ್ಲಿಯೂ ಏರುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಮಿತಗೊಳಿಸಿ, ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆದು, ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಮತ್ತು ಸಕ್ಕರೆ ನೋಡಿಸಿಕೊಳ್ಳಬೇಕು. ಸಣ್ಣ ಭಾರ ಎತ್ತಿಳಿಸುವ, ಕುಳಿತು ಏಳುವ ವ್ಯಾಯಾಮಗಳು ಎಲುಬಿಗೂ ಸ್ನಾಯುವಿಗೂ ಒಳ್ಳೆಯವು. ಮೂತ್ರ ಸೋರುವವರು ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನೇ ಬಿಗಿದು, ಐದು ಎಣಿಸಿ ಸಡಿಲಿಸಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು ಮಾಡಿದರೆ ಮೂರು ತಿಂಗಳಲ್ಲಿ ಗುಣ ಕಾಣುತ್ತದೆ. ಕುಳಿತಲ್ಲಿಯೇ, ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದು.

ಬಿಸಿಯಲೆ ಹೊಮ್ಮುವವರಿಗೆ ನಮ್ಮ ಬೇಸಿಗೆಯಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುವುದು ಅಗ್ನಿಪರೀಕ್ಷೆಯೇ ಸರಿ. ರೊಟ್ಟಿಯ ಕೆಲಸವನ್ನು ತಂಪು ಹೊತ್ತಿಗೆ ಮುಗಿಸುವುದು, ತೆಳುವಾದ ಹತ್ತಿಯ ಬಟ್ಟೆ ಉಡುವುದು, ಬಿಸಿ ಚಹಾ ಮತ್ತು ಅತಿ ಖಾರ ತಗ್ಗಿಸುವುದು, ತಣ್ಣನೆಯ ನೀರು ಹತ್ತಿರ ಇಟ್ಟುಕೊಳ್ಳುವುದು, ಅಲೆ ಬಂದಾಗ ನಿಧಾನವಾಗಿ ಉಸಿರಾಡುವುದು ಹಲವರಿಗೆ ನೆಮ್ಮದಿ ಕೊಡುತ್ತವೆ. ನಿತ್ಯ ಬಳಕೆಗೆ ಕೃತಕ ರೇಷ್ಮೆಯ ಸೀರೆ ಈ ವಯಸ್ಸಿನವರಿಗೆ ಹಿಂಸೆಯಾದೀತು, ಹತ್ತಿಯ ಒಡಲಿನ ಇಳಕಲ್ಲ ಸೀರೆ ಮೈಗೂ ಹಿತ.

ಹಾರ್ಮೋನು ಚಿಕಿತ್ಸೆಯ ಬಗೆಗೆ

ಬಿಸಿಯಲೆಯಿಂದ ನಿದ್ದೆ, ಕೆಲಸ ಎರಡೂ ಕೆಟ್ಟವರಿಗೆ ಹಾರ್ಮೋನು ಚಿಕಿತ್ಸೆ ಅತ್ಯಂತ ಪರಿಣಾಮಕಾರಿಯಾದುದು. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಹೊರಬಂದಾಗ ಸ್ತನ ಕ್ಯಾನ್ಸರ್, ಹೃದಯಾಘಾತಗಳ ಭಯದಿಂದ ಜಗತ್ತೆಲ್ಲ ಇದನ್ನು ಕೈಬಿಟ್ಟಿತು. ಅಧ್ಯಯನಕ್ಕೆ ಒಳಗಾದವರ ಸರಾಸರಿ ವಯಸ್ಸು 63 ಆಗಿತ್ತು. ಅದನ್ನು ಮರಳಿ ಪರಿಶೀಲಿಸಿದಾಗ, 60 ವಯಸ್ಸಿನೊಳಗೆ ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಆರಂಭಿಸಿದ ಆರೋಗ್ಯವಂತರಲ್ಲಿ ಲಾಭವೇ ಹೆಚ್ಚೆಂದು ಕಂಡುಬಂದಿತು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ, ಯಕೃತ್ತಿನ ರೋಗವಿರುವವರಿಗೆ, ಕಾರಣ ತಿಳಿಯದ ರಕ್ತಸ್ರಾವವಿರುವವರಿಗೆ ಇದು ಸಲ್ಲದು. ಆದ್ದರಿಂದ ನೆರೆಮನೆಯವರ ಚೀಟಿ ತೋರಿಸಿ ಔಷಧದ ಅಂಗಡಿಯಿಂದ ತರುವಂತಹುದಲ್ಲ ಇದು. ಅಕಾಲದಲ್ಲಿ ಮುಟ್ಟು ನಿಂತವರು, ಅಂಡಾಶಯ ತೆಗೆಸಿಕೊಂಡ ಕಿರಿಯರು ಮಾತ್ರ ಇದರ ಬಗೆಗೆ ವೈದ್ಯರನ್ನು ತಪ್ಪದೆ ವಿಚಾರಿಸಬೇಕು. ಹಾರ್ಮೋನು ಬೇಡವಾದವರಿಗೆ ಬೇರೆ ಔಷಧಗಳಿವೆ. ಒಣಗುವಿಕೆಗೆ ಹಚ್ಚುವ ಮುಲಾಮುಗಳಿವೆ.

ಮನಸ್ಸಿನ ಭಾರ

ಈ ವಯಸ್ಸು ದೇಹದ ಬದಲಾವಣೆಯೊಂದನ್ನೇ ತರುವುದಿಲ್ಲ. ಮಗಳು ಗಂಡನ ಮನೆಗೆ ಹೋಗುವ, ಮಗ ಬೆಂಗಳೂರು ಪುಣೆಗಳಿಗೆ ದುಡಿಯಲು ಹೋಗುವ, ಅತ್ತೆ ಮಾವ ಹಾಸಿಗೆ ಹಿಡಿಯುವ, ಕೆಲವರಿಗೆ ಗಂಡನೇ ಅಗಲುವ ಕಾಲವೂ ಇದೇ. ಬಾಗಲಕೋಟೆಯ ಹಳೆಯ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಹೋಗಿ ನವನಗರಕ್ಕೆ ಬಂದ ಮನೆತನಗಳಲ್ಲಿ ಹಲವು ತಾಯಂದಿರು ಮನೆಯೊಂದಿಗೆ ಕಟ್ಟೆಯನ್ನೂ ಕಳೆದುಕೊಂಡರು. ಸಂಜೆ ಕುಳಿತು ಎದೆಯ ಮಾತು ಹೇಳಿಕೊಳ್ಳುತ್ತಿದ್ದ ನೆರೆಹೊರೆ ಚದುರಿಹೋಯಿತು. ಮನೆ ದೊಡ್ಡದಾಯಿತು, ಮಾತು ಸಣ್ಣದಾಯಿತು.

ಹಾರ್ಮೋನಿನ ಏರಿಳಿತ, ಕೆಟ್ಟ ನಿದ್ದೆ, ಒಂಟಿತನ ಮೂರೂ ಸೇರಿದಾಗ ಗಟ್ಟಿ ಮನಸ್ಸಿನವರೂ ಕುಗ್ಗುತ್ತಾರೆ. ಎರಡು ವಾರಕ್ಕೂ ಮೀರಿ ದಿನವಿಡೀ ಬೇಸರ, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು, ಊಟ ಸೇರದಿರುವುದು, ತಾನು ಯಾರಿಗೂ ಬೇಡವಾದೆನೆಂಬ ಮಾತು, ಇವು ಕಂಡರೆ ಅದು ಖಿನ್ನತೆಯೆಂಬ ಕಾಯಿಲೆ. ಅದು ಭಕ್ತಿಯ ಕೊರತೆಯಲ್ಲ, ಗಾಳಿ ಸೋಕಿದ್ದೂ ಅಲ್ಲ. ಪೂಜೆ ಧ್ಯಾನಗಳು ಮನಸ್ಸಿಗೆ ಬಲ ಕೊಡುತ್ತವೆ, ಆದರೆ ಔಷಧದ ಸ್ಥಾನವನ್ನು ಅವು ತುಂಬಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಮಾನಸಿಕ ಆರೋಗ್ಯ ಸೇವೆಯನ್ನು ಜಿಲ್ಲೆಯ ಮಟ್ಟಕ್ಕೆ ಒಯ್ಯುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಆರಂಭಿಸಿದ್ದು ನಮ್ಮದೇ ನಾಡಿನ ಬಳ್ಳಾರಿಯಲ್ಲಿ. ಇಂದು ಆ ಸೇವೆ ಜಿಲ್ಲಾ ಆಸ್ಪತ್ರೆಗಳಲ್ಲಿದೆ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಕರೆ ಮಾಡಿದರೂ ಹಣವಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು. ಸಾಯುವ ಮಾತನ್ನಾಡುವ ತಾಯಿಯನ್ನು ಒಂಟಿಯಾಗಿ ಬಿಡದೆ, ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ತಡಮಾಡಬಾರದ ಸೂಚನೆಗಳು

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದನ್ನು ಮತ್ತೆ ಮುಟ್ಟು ಬಂತೆಂದು ಸುಮ್ಮನಿರಬಾರದು. ಅದು ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು, ಆ ಹಂತದಲ್ಲಿ ಗುಣವಾಗುವ ಸಾಧ್ಯತೆಯೂ ಹೆಚ್ಚು. ಏಳು ದಿನ ಮೀರಿ ಹೋಗುವ ಮುಟ್ಟು, ದೊಡ್ಡ ಗಡ್ಡೆಗಳು ಬೀಳುವುದು, ಎರಡು ಮುಟ್ಟಿನ ನಡುವೆ ಅಥವಾ ಕೂಡಿದ ಬಳಿಕ ರಕ್ತ ಕಾಣುವುದು, ದುರ್ವಾಸನೆಯ ಬಿಳುಪು, ಸ್ತನದಲ್ಲಿ ಗಂಟು, ಹೊಟ್ಟೆ ಉಬ್ಬಿ ಇಳಿಯದಿರುವುದು, ಇವು ಕೂಡ ತಡಮಾಡದೆ ತೋರಿಸಬೇಕಾದವು.

ತೊಂದರೆಯಿಲ್ಲದವರೂ 30 ವಯಸ್ಸಿನ ಮೇಲೆ ಗರ್ಭಕೋಶದ ಕೊರಳಿನ, ಸ್ತನದ ಮತ್ತು ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದು ಸರ್ಕಾರದ ಕಾರ್ಯಕ್ರಮವೇ ಆಗಿದ್ದು, ಐದು ವರ್ಷಕ್ಕೊಮ್ಮೆ ಉಚಿತವಾಗಿ ನಡೆಯುತ್ತದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿ, ಎಂದು ಎಂಬುದನ್ನು ಹೇಳುತ್ತಾರೆ. ಬಾದಾಮಿ, ಹುನಗುಂದಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಇಳಕಲ್ಲಿನಲ್ಲಿ ಸರ್ಕಾರಿ ಆಸ್ಪತ್ರೆಯಿದೆ. ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾ ಆಸ್ಪತ್ರೆಯೂ, ವೈದ್ಯಕೀಯ ಮಹಾವಿದ್ಯಾಲಯಕ್ಕೆ ಸೇರಿದ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆಯೂ ಇವೆ. ದೂರವೆಂಬ ನೆಪ ಈಗ ಉಳಿದಿಲ್ಲ.

ಮನೆಯವರ ಪಾಲು

ಇಷ್ಟು ಓದಿದ ಮೇಲೆ ಇದು ಹೆಂಗಸರ ವಿಷಯವೆಂದು ಪುಟ ಮಗುಚುವ ಗಂಡಸರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯಾಕೆ ರಾತ್ರಿ ಎಷ್ಟು ಹೊತ್ತು ಎಚ್ಚರವಾಗಿರುತ್ತಾಳೆ ಎಂಬುದನ್ನು ಒಂದು ವಾರ ಗಮನಿಸಿರಿ. ಆಕೆಯ ಸಿಟ್ಟಿಗೆ ಸಿಟ್ಟನ್ನು ಕೊಡದೆ, ಮೈ ಹೇಗಿದೆ ಎಂದು ಕೇಳಿರಿ. ಆಸ್ಪತ್ರೆಗೆ ಆಕೆಯೊಬ್ಬಳನ್ನೇ ಕಳುಹಿಸದೆ ಜೊತೆಗೆ ಹೋಗಿರಿ. ದಾಂಪತ್ಯದಲ್ಲಿ ಆಕೆಗೆ ನೋವಾಗುತ್ತಿದ್ದರೆ ಒತ್ತಾಯ ಬೇಡ, ಅದು ಮನಸ್ಸು ದೂರವಾದುದರ ಗುರುತಲ್ಲ. ಅತ್ತೆಯ ಕಷ್ಟವನ್ನು ಸೊಸೆ ಅರಿತರೆ, ಇಪ್ಪತ್ತು ವರ್ಷದ ನಂತರ ಆ ಸೊಸೆಯ ಕಷ್ಟವನ್ನು ಅರಿಯುವವರೂ ಆ ಮನೆಯಲ್ಲಿರುತ್ತಾರೆ. ಊರೂರಿನ ಅಕ್ಕನ ಬಳಗಗಳು ತಿಂಗಳಿಗೊಂದು ಸಂಜೆಯನ್ನು ಇದಕ್ಕಾಗಿ ಮೀಸಲಿಡಲಿ. ಮಹಿಳಾ ವೈದ್ಯರನ್ನೋ ಆರೋಗ್ಯ ಸಹಾಯಕಿಯನ್ನೋ ಕರೆದು ಕೇಳಲಿ, ತಮ್ಮತಮ್ಮ ಅನುಭವವನ್ನು ಹೇಳಿಕೊಳ್ಳಲಿ. ಅನುಭವವನ್ನು ಕುಳಿತು ಹಂಚಿಕೊಳ್ಳುವುದು ನಮಗೆ ಹೊಸದೇನೂ ಅಲ್ಲ.

ಇಳಕಲ್ಲಿನ ಶ್ರೀ ವಿಜಯಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು ‘ಮಹಾಂತ ಜೋಳಿಗೆ’ಯನ್ನು ಹಿಡಿದು ಊರೂರು ತಿರುಗಿ, ಭಕ್ತರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನ. ಕುಡಿತ ಬಿಟ್ಟ ಮನೆಗಳಲ್ಲಿ ಮೊದಲು ನೆಮ್ಮದಿಯ ನಿದ್ದೆ ಕಂಡವರು ಆ ಮನೆಯ ತಾಯಂದಿರು. ಮೌನವೂ ಒಂದು ಚಟವೇ. ‘ಹೆಂಗಸರಿಗೆ ಇದೆಲ್ಲ ಇದ್ದದ್ದೇ’ ಎಂಬ ಮಾತನ್ನು ನಾವೆಲ್ಲರೂ ಆ ಜೋಳಿಗೆಗೆ ಹಾಕಿಬಿಡೋಣ. ಈ ತಿಂಗಳ ಸಂಚಿಕೆಯನ್ನು ಓದಿ ಮಡಿಸಿಡುವ ಮೊದಲು, ನಿಮ್ಮ ಮನೆಯಲ್ಲಿ ನಲವತ್ತು ದಾಟಿದ ತಾಯಿಗೋ, ಅಕ್ಕನಿಗೋ, ಮಡದಿಗೋ ಈ ಪುಟವನ್ನು ಓದಿ ಹೇಳಿರಿ. ಕಣ್ಣು ಮಂಜಾಗಿ ಓದಲಾರದವರಿದ್ದರೆ ಪಕ್ಕದಲ್ಲಿ ಕುಳಿತು ಹೇಳಿರಿ. ಮಾತು ಅಲ್ಲಿಂದಲೇ ಆರಂಭವಾಗಲಿ.

ಶರಣು ಶರಣಾರ್ಥಿ.